ಕಮಲಮ್ಮಾಳ್ ಕೊಟ್ಟಿಗೆಯ ಕಡಲಮೀನು

ತಮಿಳು ಸೀಮೆಯ ಚಿನ್ನಮನೂರಿನ ಕಮಲಮ್ಮಾಳ್ ಮನೆಗೆ ಹೋಗಿ ಬರಿ ಹೊಟ್ಟೆಯಲ್ಲಿ ಹಿಂದಿರುಗಿದವರು ಇದುವರೆಗೆ ಯಾರೂ ಇಲ್ಲ. ಮೀಟರ್ ರೀಡಿಂಗ್ ಬರೆದುಕೊಳ್ಳಲು ಬಂದವನಿರಲಿ, ವಿಳಾಸ ತಪ್ಪಿ ಗೇಟು ತಟ್ಟಿದವನಿರಲಿ, ಎರಡು ಇಡ್ಲಿ ಹೊಟ್ಟೆಗೆ ಬೀಳದೆ ಆ ಹೊಸ್ತಿಲು ದಾಟುವ ಹಾಗಿಲ್ಲ. ಬೇಡ ಎಂದರೋ, ಮುಗಿಯಿತು. "ಯಾಕೆ, ನಮ್ಮನೆ ಇಡ್ಲಿ ಏನು ಕಲ್ಲಾ?" ಎಂದು ಜಗಳಕ್ಕೇ ನಿಲ್ಲುತ್ತಾಳೆ. ವಯಸ್ಸು ಅರವತ್ತೊಂಬತ್ತು, ಎರಡೂ ಮಂಡಿಯಲ್ಲಿ ನೋವು, ದನಿ ಮಾತ್ರ ಇವತ್ತಿಗೂ ಕಾಲುವೆಯ ಆಚೆ ದಡಕ್ಕೆ ಕೇಳಿಸುತ್ತದೆ.

ಅವರ ಮನೆಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ದನ ಹೊಡೆದುಕೊಂಡು ಈ ಕಣಿವೆಗೆ ಬಂದ ಒಕ್ಕಲು ಮನೆತನ. ಪೇಟೆಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ, ಜಗಳವಾದರೆ ಎರಡೂ. ಏನೇನೋ ಬದಲಾದರೂ ಆ ಮನೆಯಲ್ಲಿ ಒಂದು ಕಟ್ಟಳೆ ಬದಲಾಗಲಿಲ್ಲ. ಕೊಟ್ಟಿಗೆಯ ಜೀವಗಳು ತಿನ್ನುವ ಮೊದಲು ಮನೆಯವರು ತುತ್ತು ಎತ್ತುವಂತಿಲ್ಲ. ಅದೂ ಯಾರೋ ಒಬ್ಬರು ಮೇವು ಹಾಕಿದರೆ ಸಾಲದು. ಉಣ್ಣುವವರು ಪ್ರತಿಯೊಬ್ಬರೂ ತಮ್ಮ ಕೈಯಾರೆ ಒಂದು ಹಿಡಿ ಹಾಕಿಯೇ ತಟ್ಟೆಯ ಮುಂದೆ ಕೂರಬೇಕು. ಸೊಸೆ ತಿಲಗವತಿ ಬೋಡಿನಾಯಕನೂರಿನಿಂದ ಮದುವೆಯಾಗಿ ಬಂದ ದಿನ, ಬೆಳಗಿನಿಂದ ಏನೂ ತಿನ್ನದ ಮದುಮಗಳ ಕೈಗೆ ಅತ್ತೆ ಮೊದಲು ಕೊಟ್ಟದ್ದು ಹಾಲುಹಣ್ಣಲ್ಲ, ಒಂದು ಕಟ್ಟು ಜೋಳದ ಸೊಪ್ಪೆ! ರೇಷ್ಮೆ ಸೀರೆಯಲ್ಲೇ ಹೋಗಿ ದನಕ್ಕೆ ಹಾಕಿ ಬಂದಳು. ಇಪ್ಪತ್ತಾರು ವರ್ಷವಾದರೂ ತಿಲಗವತಿ ಅದನ್ನು ಮರೆತಿಲ್ಲ, ಬೇರೆಯವರು ಮರೆಯಲು ಬಿಡುವುದೂ ಇಲ್ಲ.

ಎರಡು ವರ್ಷದ ಹಿಂದೆ ಕಮಲಮ್ಮಾಳ್‌ಗೆ ಮಂಡಿ ಕೈಕೊಟ್ಟಿತು. ಉಳಿದಿದ್ದ ಎರಡು ದನಗಳನ್ನು ತೇವಾರಂ ಊರಿನ ನೆಂಟರು ಹೊಡೆದುಕೊಂಡು ಹೋದರು. ಆಕೆ ಒಂದು ವಾರ ಅತ್ತಳು, ಆಮೇಲೆ ಖಾಲಿ ಕೊಟ್ಟಿಗೆಯನ್ನೇ ದಿನಾ ಗುಡಿಸತೊಡಗಿದಳು. ತಟ್ಟೆಯ ಮುಂದೆ ಕೂತಾಗ ಒಂದು ಗಳಿಗೆ ಕೈ ತಡೆದು ಕೊಟ್ಟಿಗೆಯ ಕಡೆ ನೋಡುವಳು. ಊಟಕ್ಕೆ ರುಚಿಯೇ ಹೋಯಿತು ಎನ್ನುವಳು. ಪಾಪ, ಸಾರು ಮಾಡುತ್ತಿದ್ದ ತಿಲಗವತಿ ಅದನ್ನು ತನ್ನ ಅಡುಗೆಯ ಮೇಲಿನ ಚುಚ್ಚುಮಾತೆಂದೇ ತಿಳಿದಿದ್ದಳು.

ಹೀಗಿರುವಾಗ ಮೊಮ್ಮಗಳು ಅಭಿರಾಮಿ ಬಂದು ಕೊಟ್ಟಿಗೆ ಕೇಳಿದಳು. ತೇನಿಯಲ್ಲಿ ಪ್ರಾಣಿಶಾಸ್ತ್ರ ಓದಿದ ಇಪ್ಪತ್ಮೂರರ ಹುಡುಗಿ. ತಂದೆಯ ತಾಯಿಯನ್ನು ಆ ಕಡೆಯ ಮಕ್ಕಳು ಅಪ್ಪತ್ತಾ ಎಂದು ಕರೆಯುತ್ತಾರೆ.

"ಅಪ್ಪತ್ತಾ, ಕೊಟ್ಟಿಗೆ ನನಗೆ ಕೊಡು. ಕಡಲ ಮೀನು ಸಾಕ್ತೀನಿ."

"ಕಡಲು ಎಲ್ಲೈತೆ ಇಲ್ಲಿ? ಮುಲ್ಲೆಯಾರು ಹೊಳೇಲಿ ಕಡಲ ಮೀನು ಬತ್ತದಾ?"

"ಕಡಲೂ ನಾನೇ ಮಾಡ್ಕೊತೀನಿ."

ಮಾಡಿಯೂ ಬಿಟ್ಟಳು. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬಂತು. ಅಪ್ಪ ರಾಜೇಂದ್ರನ್‌ಗೆ ಪೇಟೆಯಲ್ಲಿ ಹನಿ ನೀರಾವರಿಯ ಪೈಪು, ಮೋಟಾರುಗಳ ಅಂಗಡಿ; ಪಂಪು, ಪೈಪು ಅಲ್ಲಿಂದ ಬಂದವು. ಸೋಸಿದ ನೀರಿಗೆ ಚೀಲದಿಂದ ಅಳೆದಳೆದು ಉಪ್ಪು ಸುರಿದು, ತಳಕ್ಕೆ ಮರಳು ಹಾಸಿ, ತೂತುತೂತಾದ ಕಲ್ಲುಗಳನ್ನು ಜೋಡಿಸಿದಳು. ಕಮಲಮ್ಮಾಳ್ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಥೂ ಎಂದು ಉಗಿದಳು. "ಉಪ್ಪಿನಕಾಯಿ ನೀರಲ್ಲಿ ಜೀವ ಸಾಕ್ತಾಳಂತೆ!" ಎಂದು ಬೀದಿಗೆಲ್ಲ ಸಾರಿದಳು. ಆದರೆ ಮೀನು ಬಂದ ದಿನ ಎಲ್ಲರಿಗಿಂತ ಮೊದಲು ಗಾಜಿಗೆ ಮೂಗು ಒತ್ತಿ ನಿಂತವಳೂ ಆಕೆಯೇ. ಕೆಂಪು ಮೈಗೆ ಮೂರು ಬಿಳಿ ಪಟ್ಟೆ ಎಳೆದ ಎರಡು ಮೀನು, ನೀಲಿಯದು ಒಂದು. ಎಲ್ಲವೂ ಬೆರಳುದ್ದ. ದನಗಳಿಗೆ ಇಡುತ್ತಿದ್ದ ಹೆಸರುಗಳನ್ನೇ ಆಕೆ ಇವುಗಳಿಗೂ ಇಟ್ಟಳು. ಕೆಂಪು ಜೋಡಿಯಲ್ಲಿ ದಪ್ಪಗಿದ್ದ ಹೆಣ್ಣು ಸೆವಲೆ, ಅದರ ಪುಟ್ಟ ಗಂಡ ಕುಟ್ಟಿ, ನೀಲಿಯದು ಮೈಲೆ.

"ಇವು ತಿಂದು ಹಾಕಿದ್ದೆಲ್ಲ ಎಲ್ಲಿಗೋಯ್ತದೆ?" ಎಂದು ಒಂದು ದಿನ ಕೇಳಿದಳು. ದನ ಸಾಕಿದವಳು ಮೊದಲು ಕೇಳುವ ಪ್ರಶ್ನೆಯೇ ಅದು.

"ನೀರಲ್ಲೇ ಅಪ್ಪತ್ತಾ."

"ಅಯ್ಯೋ ಸಾಮಿ! ಬಾಚೋರು ಯಾರು?"

"ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಜೀವ ಅವೆ. ಅವೇ ಬಾಚ್ತವೆ. ಆದ್ರೆ ಅವುಕ್ಕೂ ಒಂದು ಅಳತೆ ಐತೆ. ನಾವು ಹಾಕೋ ತೀನಿ ಜಾಸ್ತಿ ಆದ್ರೆ ಅವುಕ್ಕೆ ಏಗಲ್ಲ, ನೀರು ವಿಷ ಆಯ್ತದೆ. ಈ ಮೀನು ಹಸಿದು ಸಾಯೋದು ಕಮ್ಮಿ. ನೀರು ಕೆಟ್ಟು ಸಾಯೋದೇ ಜಾಸ್ತಿ."

ಕಮಲಮ್ಮಾಳ್ ತಲೆಯಾಡಿಸಿದಳು. ಇಪ್ಪತ್ತು ದನ ಕಟ್ಟಿ ಬಾಚುವವಳು ಒಬ್ಬಳೇ ಆದರೆ ಕೊಟ್ಟಿಗೆ ಏನಾಗುತ್ತದೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ತಿಳಿಯುವುದು ಒಂದು, ತಡೆದುಕೊಳ್ಳುವುದು ಇನ್ನೊಂದು. ಆಕೆ ಹತ್ತಿರ ಹೋದರೆ ಸಾಕು, ಮೂರೂ ಗಾಜಿಗೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಈಗಷ್ಟೇ ತಿಂದಿವೆ ಎಂದು ಅಭಿರಾಮಿ ಎಷ್ಟು ಹೇಳಿದರೂ ಪಾಪ ಹಸಿದಿವೆ ಎಂದೇ ಆಕೆ ಗೊಣಗುತ್ತಿದ್ದಳು.

ಒಂದೂವರೆ ವರ್ಷ ಹೀಗೆ ಕಳೆಯಿತು. ಸೆವಲೆ, ಕುಟ್ಟಿ ಒಂದನ್ನೊಂದು ಬಿಟ್ಟಿರದ ಜೋಡಿಯಾದವು. ಇವು ಮೊಟ್ಟೆ ಇಟ್ಟರೆ ಮರಿ ಮಾಡಿಸಿ, ಇದನ್ನೇ ಕಸುಬು ಮಾಡಿಕೊಳ್ಳಬೇಕೆಂದು ಅಭಿರಾಮಿಯ ಆಸೆ. ಅದನ್ನು ಕಲಿಯಲು ಮಂಡಪಂ ಎಂಬ ಊರಿನ ಕಡಲತೀರದಲ್ಲಿ ಇಪ್ಪತ್ತೊಂದು ದಿನದ ತರಬೇತಿ ಸಿಕ್ಕಿತು. ಹೊರಡುವ ಮುನ್ನ ಅದುವರೆಗೆ ಯಾರಿಗೂ ಮುಟ್ಟಲು ಬಿಡದಿದ್ದ ತೀನಿಯ ಡಬ್ಬಿಯನ್ನು ಅಜ್ಜಿಯ ಕೈಗೇ ಕೊಟ್ಟಳು.

"ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ. ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟೇ. ವಾರಕ್ಕೊಂದು ಸಲ ಈ ಗಾಜಿನ ಕೊಳವೇಲಿ ನೀರು ತಗೊಂಡು ಈ ಹನಿ ಬಿಡು. ಹಳದಿ ಬಂದ್ರೆ ಒಳ್ಳೇದು, ಹಸಿರಾದ್ರೆ ನನಗೆ ಫೋನ್ ಮಾಡು. ಅಪ್ಪತ್ತಾ, ನನ್ನ ಎಲ್ಲಾನೂ ಈ ತೊಟ್ಟೀಲೇ ಐತೆ. ಮೂರು ಜೀವ ನಿನ್ನ ಕೈಲಿ ಕೊಡ್ತಾ ಇದೀನಿ."

"ಮೂರನ್ನೂ ಹಂಗೇ ಒಪ್ಪಿಸ್ತೀನಿ, ಹೋಗು ಕಣ್ಣು. ಐವತ್ತು ವರ್ಷ ದನ ಸಾಕ್ದೋಳ್ಗೆ ಬೆರಳುದ್ದದ ಮೀನು ಯಾವ ಲೆಕ್ಕ?"

ಅಂದು ಸಂಜೆ ರಾಜೇಂದ್ರನ್ ಅಂಗಡಿಯಿಂದ ಬಂದು, ಕೈತೊಳೆದು, ದೋಸೆಯ ಮುಂದೆ ಕೂತ. ಮೊದಲ ತುಂಡು ಮುರಿಯಬೇಕು, ಅಷ್ಟರಲ್ಲಿ ತಾಯಿಯ ದನಿ ಮೊಳಗಿತು.

"ಕೊಟ್ಟಿಗೇಗೆ ಹಾಕ್ದ್ಯಾ?"

ಎರಡು ವರ್ಷದಿಂದ ಕೇಳದ ಪ್ರಶ್ನೆ! ರಾಜೇಂದ್ರನ್‌ಗೆ ನಗು ಬಂತು, ಯಾಕೋ ಕಣ್ಣೂ ತೇವವಾಯಿತು. ಎದ್ದು ಹೋಗಿ ಒಂದು ಚಿಟಿಕೆ ಹಾಕಿ ಬಂದ. ಹಿಂದೆಯೇ ತಿಲಗವತಿಯೂ ಹಾಕಿ ಬಂದಳು. ಕೊಟ್ಟಿಗೆಗೆ ಜೀವ ಬಂದಿತು, ಕಟ್ಟಳೆಗೂ ಬಂದಿತು. ಅವತ್ತು ಕಮಲಮ್ಮಾಳ್ ನಾಲ್ಕು ದೋಸೆ ತಿಂದು, ಸಾರು ಬೊಂಬಾಟಾಗಿದೆ ಎಂದಳು. ಸೊಸೆಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಯಾರೂ ಒಂದು ಚಿಟಿಕೆಗಿಂತ ಹೆಚ್ಚು ಹಾಕಲಿಲ್ಲ. ರಾಜೇಂದ್ರನ್ ಮೂರು ಹೊತ್ತು ಮನೆಯಲ್ಲೇ ಉಣ್ಣುವವನು. ಪೈಪಿನ ತಿರುಪು ಬಿಗಿದೂ ಬಿಗಿದೂ ದಪ್ಪಗಾದ ಅವನ ಬೆರಳುಗಳಲ್ಲಿ ಚಿಟಿಕೆಯೆಂದರೆ ಅರ್ಧ ಚಮಚ. ತಿಲಗವತಿ ಶಾಲೆಯ ಟೀಚರ್. ಬೆಳಿಗ್ಗೆ, ಸಂಜೆ ಅವಳದು. ಹಾಲು ತರುವ ಮುನಿಯಮ್ಮಾಳ್ ದಿನಾ ಅಲ್ಲೇ ಇಡ್ಲಿ ತಿನ್ನುವವಳು, ಅವಳದೊಂದು. ಬಂದುಹೋಗುವ ನೆಂಟರು, ಅಕ್ಕಪಕ್ಕದವರು ಇಡ್ಲಿ ಬೇಡವೆಂದರೂ ಬಿಡದ ಮನೆ; ಅವರದೂ ಸೇರಿತು. ಇನ್ನು ಕಮಲಮ್ಮಾಳ್ ಅಭಿರಾಮಿ ಹೇಳಿದಂತೆ ಎರಡೇ ಹಾಕುತ್ತಿದ್ದಳು. ಮಧ್ಯಾಹ್ನ ಅವು ಬಾಯಿ ಬಿಟ್ಟಾಗ ಹಾಕಿದ್ದನ್ನು ಆಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲ ಶುಕ್ರವಾರ ಕೊಳವೆಯಲ್ಲಿ ನೀರು ಹಿಡಿದು ಹನಿ ಬಿಟ್ಟಳು. ಹಳದಿಯೇ, ಆದರೆ ಅಂಚಿನಲ್ಲಿ ಒಂದಿಷ್ಟು ಹಸಿರು. ಕೊಟ್ಟಿಗೆಯ ಬಾಗಿಲಲ್ಲಿ ಬೇವಿನ ಮರವಿತ್ತು. ಎಲೆಯ ಹಸಿರೇ ಗಾಜಿನಲ್ಲಿ ಕಾಣುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡು ಕೊಳವೆ ತೊಳೆದಿಟ್ಟಳು. ಒಳಗೊಳಗೆ ಅನುಮಾನವಿತ್ತು. ಆದರೆ ನಾಲ್ಕು ದೋಸೆಯ ಸುಖ ಬಿಡಲು ಮನಸ್ಸು ಬರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದವಳಿಗೆ ಮೊದಲು ಮೂಗಿಗೆ ಬಡಿದದ್ದು ಕೆಟ್ಟ ವಾಸನೆ. ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಕಲ್ಲಿನ ಹಿಂದೆ ಮೈಲೆ ಮಗ್ಗುಲಾಗಿ ಬಿದ್ದಿತ್ತು. ಸೆವಲೆ, ಕುಟ್ಟಿ ಎರಡೂ ಮೇಲೆ ಬಂದು ಬಾಯಿ ಎತ್ತಿ ಉಸಿರಿಗೆ ಹೋರಾಡುತ್ತಿದ್ದವು. ಹಾಕಿದ ತೀನಿಯತ್ತ ತಿರುಗಿಯೂ ನೋಡಲಿಲ್ಲ.

ಕಮಲಮ್ಮಾಳ್‌ಗೆ, ನಿತ್ರಾಣವಾಗಿವೆ, ಈ ಪುಡಿ ಸೇರುತ್ತಿಲ್ಲ, ರುಚಿಯಾದದ್ದು ಏನಾದರೂ ಕೊಡಬೇಕು ಎಂದೇ ಮೊದಲು ಹೊಳೆದದ್ದು. ಕುಂಟುತ್ತಾ ಓಡಿಹೋಗಿ ಮೊಟ್ಟೆ ಬೇಯಿಸಿ, ಹಳದಿಯನ್ನು ಅಂಗೈಯಲ್ಲಿ ಪುಡಿಮಾಡಿಕೊಂಡು ಬಂದಳು. ಕೈ ತೊಟ್ಟಿಯ ಮೇಲೆ ಬಂದಿತ್ತು. ಅಲ್ಲೇ ನಿಂತಿತು. ಹಿಂದೊಮ್ಮೆ ಅವಳ ಕೆಂಪು ಹಸು, ಹಳೆಯ ಸೆವಲೆ, ಹಸಿ ಅಲಸಂದೆ ಹೊಲಕ್ಕೆ ನುಗ್ಗಿ ಮೇದು ಹೊಟ್ಟೆ ಉಬ್ಬರಿಸಿಕೊಂಡು ಬಿದ್ದಿತ್ತು. ಅದು ತಿನ್ನುತ್ತಿಲ್ಲ, ಬೆಲ್ಲ ಕೊಡು, ಗಂಜಿ ಕೊಡು ಎಂದವರನ್ನೆಲ್ಲ ಇದೇ ಕಮಲಮ್ಮಾಳ್ ಬೈದು ಓಡಿಸಿದ್ದಳು. ಮೇವಿಲ್ಲದೆ ಒಂದು ಹಗಲೆಲ್ಲ ಕಟ್ಟಿ, ತಾನೂ ಉಣ್ಣದೆ ಪಕ್ಕದಲ್ಲಿ ಕೂತು ಬದುಕಿಸಿಕೊಂಡಿದ್ದಳು. ದನದ ವಿಷಯದಲ್ಲಿ ಅಷ್ಟು ಬಲ್ಲವಳು ಮೀನಿಗೆ ಏನು ಮಾಡಿಟ್ಟೆ ಎಂದು ನಾಚಿಕೆಯಿಂದ ಕುಗ್ಗಿಹೋದಳು. ಅಂಗೈಯ ಮೊಟ್ಟೆಯನ್ನು ಕಾಗೆಗೆ ಎಸೆದು, "ತಿಲಗಾ, ಮಗೂಗೆ ಫೋನ್ ಹಾಕು" ಎಂದು ಕೂಗಿದಳು.

ವೀಡಿಯೊದಲ್ಲಿ ಮೊಮ್ಮಗಳ ಮುಖ ಬಂತು. "ಮೈಲೆ ಹೋಯ್ತು ಕಣ್ಣು" ಎಂದಳು ಅಜ್ಜಿ.

ಅಭಿರಾಮಿ ತೊಟ್ಟಿ ತೋರಿಸಲು ಹೇಳಿದಳು. "ದಿನಕ್ಕೆಷ್ಟು ಸಲ ತೀನಿ ಹಾಕ್ತಾ ಇದ್ದೆ ಅಪ್ಪತ್ತಾ?"

"ನೀನು ಹೇಳ್ದಂಗೇ ಎರಡು... ಮಧ್ಯಾಹ್ನ ಇನ್ನೊಂದು."

"ಬೇರೆ ಯಾರು ಹಾಕ್ತಿದ್ರು?"

ರಾಜೇಂದ್ರನ್ ಸೂರು ನೋಡಿದ. ತಿಲಗವತಿ ಫೋನು ಹಿಡಿದ ಕೈಯನ್ನು ಗಂಡನ ಕಡೆ ತಿರುಗಿಸಿದಳು. "ಮೂರು" ಎಂದ ಅವನು. "ನಾನು ಎರಡೇ" ಎಂದಳು ಅವಳು. ಬಾಗಿಲಲ್ಲಿ ಕ್ಯಾನು ಹಿಡಿದು ನಿಂತಿದ್ದ ಮುನಿಯಮ್ಮಾಳ್, "ನಾನೂ ಒಂದು ಹಾಕ್ತಿದ್ದೆ ತಾಯಿ, ಹಾಕದಿದ್ರೆ ಅಮ್ಮಾ ಇಡ್ಲಿ ಕೊಡಲ್ಲ" ಎಂದಳು. ಬಂದುಹೋದವರದ್ದೂ ಕೂಡಿಸಿದರೆ ದಿನಕ್ಕೆ ಹನ್ನೊಂದು ಚಿಟಿಕೆಯಾಯಿತು.

"ಹನ್ನೊಂದಾ!" ಅಭಿರಾಮಿ ತಲೆಯ ಮೇಲೆ ಕೈಹೊತ್ತಳು. ಆದರೆ ಹುಡುಗಿ ಬೈಯಲಿಲ್ಲ. "ಸರಿ, ಕೇಳ್ಕೊಳ್ಳಿ. ಮೂರು ದಿನ ತೀನೀನೇ ಬೇಡ. ಒಂದು ಕಾಳೂ ಬೀಳಬಾರ್ದು. ಡ್ರಮ್ಮಲ್ಲಿ ನಾನು ಉಪ್ಪುನೀರು ಕಲಸಿಟ್ಟಿದೀನಿ. ದಿನಾ ತಳದ ಕೊಳೆ ಎಳೆದು ಎರಡು ಬಕೆಟ್ ತೆಗೀರಿ, ಎರಡು ಬಕೆಟ್ ಹೊಸದು ಬಿಡಿ. ಗಾಳಿ ಪಂಪು ನಿಲ್ಲಿಸ್ಬೇಡಿ."

"ಮೂರು ದಿನ ಹಸ್ಕೊಂಡು ಬದುಕ್ತವಾ ಕಣ್ಣು?"

"ಹಸಿವು ತಡೀತವೆ. ಈ ನೀರು ತಡಿಯಲ್ಲ ಅಪ್ಪತ್ತಾ."

ಕೆಲಸ ಶುರುವಾಯಿತು. ಪೈಪಿನ ಕೆಲಸವೆಂದರೆ ರಾಜೇಂದ್ರನ್‌ಗೆ ನೀರು ಕುಡಿದಷ್ಟು ಸುಲಭ. ಸಣ್ಣ ಟ್ಯೂಬು ಇಳಿಸಿ, ಬಾಯಿಂದ ಎಳೆದು, ಮರಳಿನ ಮೇಲೆ ಕೂತಿದ್ದ ಕೊಳೆಯನ್ನೆಲ್ಲ ಬಕೆಟ್ಟಿಗೆ ಹರಿಸಿದ. ಬಾಯಿಗೆ ಬಂದ ಒಂದು ಗುಟುಕಿನ ಬಗ್ಗೆ ಅವನು ಈಗಲೂ ಮಾತಾಡುವುದಿಲ್ಲ. ಆ ಬಕೆಟ್ಟನ್ನು ಕರಿಬೇವಿನ ಗಿಡಕ್ಕೆ ಸುರಿಯಲು ಹೊರಟವನನ್ನು ತಾಯಿ ಅಂಗಳವೇ ನಡುಗುವಂತೆ ಕೂಗಿ ನಿಲ್ಲಿಸಿದಳು. "ಉಪ್ಪುನೀರು ಕಣೋ ಪುಣ್ಯಾತ್ಮ! ಮೀನು ಆಯ್ತು, ಈಗ ಗಿಡಾನೂ ಕೊಲ್ತೀಯಾ?"

ಎಲ್ಲ ಮುಗಿಸಿ ಕೈತೊಳೆದು ಬಂದರೆ ಇಡ್ಲಿ ಆರಿಹೋಗಿತ್ತು. ಕಮಲಮ್ಮಾಳ್ ಎಲ್ಲರಿಗೂ ಬಡಿಸಿ, ತನ್ನ ತಟ್ಟೆಯನ್ನು ಬೋರಲು ಹಾಕಿ ಗೋಡೆಗೆ ಒರಗಿದಳು.

"ಯಾಕವ್ವಾ?" ಎಂದ ಮಗ.

"ಕೊಟ್ಟಿಗೇಲಿ ಅವು ಉಪವಾಸ ಅವೆ. ನಾನು ಹೆಂಗೆ ತಿನ್ಲಿ?"

"ಅವುಕ್ಕೆ ತಿನ್ನಬೇಡಿ ಅಂದದ್ದು ಅಭಿ. ನಿನಗ್ಯಾರು ಅಂದ್ರು?"

"ನೀವು ತಿನ್ನಿ. ಹಾಕು ಹಾಕು ಅಂತ ನಿಮ್ಮನ್ನೆಲ್ಲ ಎಬ್ಬಿಸಿ ಕಳ್ಸಿದೋಳು ನಾನು. ಮೈಲೇನ ಕೊಂದೋಳೂ ನಾನೇ. ಇನ್ನೆರಡು ಹೋದ್ರೆ ಆ ಮಗೂಗೆ ಯಾವ ಮುಖ ತೋರಿಸ್ಲಿ?"

ಬೇಡಿಕೊಂಡರು, ಬೈದರು, ತಿಲಗವತಿ ಅತ್ತೂ ನೋಡಿದಳು. ಆಕೆ ಜಗ್ಗಲಿಲ್ಲ. ಕೊನೆಗೆ ಮಜ್ಜಿಗೆಗೆ ಒಪ್ಪಿದಳು, ಮೀನುಗಳೂ ನೀರು ಕುಡಿಯುತ್ತಿವೆಯಲ್ಲ ಎಂಬ ನ್ಯಾಯದ ಮೇಲೆ. ಅದನ್ನು ನೋಡಿ ತಿಲಗವತಿಯೂ ತಟ್ಟೆ ಸರಿಸಿ ಮಜ್ಜಿಗೆ ಬಗ್ಗಿಸಿಕೊಂಡಳು. "ನಿನಗೇನಾಯ್ತೇ? ಸ್ಕೂಲಲ್ಲಿ ನಿಂತ್ಕೊಂಡು ಪಾಠ ಹೇಳಬೇಕು" ಎಂದು ಅತ್ತೆ ಗದರಿದಳು. "ನಾನು ಈ ಮನೇಗೆ ಬಂದಿದ್ದೇ ಸೊಪ್ಪೆ ಕಟ್ಟು ಹಿಡ್ಕೊಂಡು ಅತ್ತೆ" ಎಂದಳು ಸೊಸೆ. ಕಮಲಮ್ಮಾಳ್ ಸೆರಗಿನಿಂದ ಮೂಗು ಒರೆಸಿಕೊಂಡಳು. ರಾತ್ರಿಗೆ ಮಾತ್ರ ಬಲವಂತ ಮಾಡಿ ಸೊಸೆಗೆ ಅನ್ನ ತಿನ್ನಿಸಿದಳು, ತಾನು ಮುಟ್ಟಲಿಲ್ಲ.

ರಾಜೇಂದ್ರನ್ ಕೂಡ ಉಪವಾಸವೆಂದೇ ಘೋಷಿಸಿದ. ಎರಡನೆಯ ದಿನ ಅಂಗಡಿಯಿಂದ ಬಂದು ಪಕ್ಕದಲ್ಲಿ ಕೂತ ಮಗನ ಕಡೆ ತಾಯಿ ಮೂಗು ಅರಳಿಸಿದಳು. "ಬಸ್ ಸ್ಟ್ಯಾಂಡಲ್ಲಿ ಪರೋಟಾಗೆ ಸಾಲ್ನಾ ಸಾರು ಚೆನ್ನಾಗಿ ಹಾಕಿದ್ರಾ?" ಎಂದಳು. ಅವನ ಮುಖ ನೋಡಿ, ಆ ಬೇಸರದಲ್ಲೂ ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ಹಗಲೆಲ್ಲ ಆಕೆ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದಳು. ಸೆವಲೆ ಗಾಜಿಗೆ ಬಂದು ಬಾಯಿ ಬಿಡುವುದನ್ನೇ ಕಾಯುತ್ತಿದ್ದಳು. ಮೊದಲ ದಿನ ಅದು ಬರಲೇ ಇಲ್ಲ. ಎರಡನೆಯ ದಿನ ಸಂಜೆ ಕುಟ್ಟಿ ಮೇಲಿನಿಂದ ಇಳಿದು ಕಲ್ಲಿನ ಬಳಿ ಸುಳಿಯಿತು. ಮೂರನೆಯ ದಿನ ನೀರಿನ ಬಿಳುಪು ಕರಗಿ, ಹಿಂದಿನ ಗೋಡೆಯ ಸುಣ್ಣ ಕಾಣತೊಡಗಿತು. ಅಂದು ಮಧ್ಯಾಹ್ನ ಸೆವಲೆ ನೇರ ಗಾಜಿಗೆ ಬಂದು, ಆಕೆಯ ಮುಖಕ್ಕೇ ಬಾಯಿ ತೆರೆದು ಮುಚ್ಚಿತು. ಕಮಲಮ್ಮಾಳ್ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. "ನಾಳೆ ತಾಯೀ, ನಾಳೆ. ನನಗೂ ಹಸಿವೇ" ಎಂದು ಅದಕ್ಕೆ ಸಮಾಧಾನ ಹೇಳಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಕೊಳವೆಯಲ್ಲಿ ನೀರು ಹಿಡಿದು ಹನಿ ಬಿಟ್ಟಳು. ಈ ಸಲ ಬೇವಿನ ನೆರಳಿನಲ್ಲಿ ನೋಡಲಿಲ್ಲ. ಅಂಗಳದ ನಡುವೆ ಬಿಸಿಲಿಗೆ ತಂದು ಸೊಸೆಗೆ ತೋರಿಸಿದಳು, ಮುನಿಯಮ್ಮಾಳ್‌ಗೆ ತೋರಿಸಿದಳು, ಫೋನಿನಲ್ಲಿ ಅಭಿರಾಮಿಗೆ ತೋರಿಸಿದಳು. ಎಲ್ಲರೂ ಹಳದಿ ಎಂದ ಮೇಲೆಯೇ ನಂಬಿದಳು.

ಡಬ್ಬಿ ತೆಗೆದರು. ಮಗ, ಸೊಸೆ, ಮುನಿಯಮ್ಮಾಳ್ ಮೂವರೂ ಕೈ ಚಾಚಿದರು. ಎಲ್ಲರ ಹೊಟ್ಟೆಯೂ ಹಸಿದಿತ್ತು, ಪರೋಟಾ ತಿಂದವನದೂ. ಕಮಲಮ್ಮಾಳ್ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತಳು. ತೊಟ್ಟಿಗೆ ಬೇಕಾದದ್ದು ಒಂದು ಚಿಟಿಕೆ. ಕಟ್ಟಳೆಗೆ ಬೇಕಾದದ್ದು ಎಲ್ಲರ ಕೈ. ಯಾವುದನ್ನು ಬಿಡುವುದು? ಆಕೆ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು:

"ತಿಲಗಾ, ನಿನ್ನ ಧಾರೆ ಎರೆದಾಗ ನೀರು ಬಿಟ್ಟೋರು ಎಷ್ಟು ಜನ?"

"ಅಪ್ಪ ಒಬ್ರೇ."

"ನಿಮ್ಮೋರೆಲ್ಲ?"

"ಅಪ್ಪನ ಕೈ ಮುಟ್ಕೊಂಡಿದ್ರು."

"ಒಬ್ಬರ ಕೈಯಿಂದ ಬಿದ್ರೂ ಎಲ್ರೂ ಕೊಟ್ಟಂಗಾಯ್ತೋ ಇಲ್ವೋ? ಒಂದು ಹೆಣ್ಣನ್ನೇ ಹಂಗೆ ಕೊಡಬಹುದಂತೆ, ಒಂದು ಚಿಟಿಕೆ ತೀನಿ ಕೊಡಬಾರ್ದಾ? ಬನ್ನಿ, ನನ್ನ ಕೈ ಮುಟ್ಟಿ."

ಮಗ ಮೊಣಕೈ ಮುಟ್ಟಿದ, ಸೊಸೆ ಅವನ ಭುಜ ಮುಟ್ಟಿದಳು, ಮುನಿಯಮ್ಮಾಳ್ ಕ್ಯಾನು ಕೆಳಗಿಟ್ಟು ಸೊಸೆಯ ಬೆನ್ನಿಗೆ ಕೈಯಿಟ್ಟಳು. ಒಂದೇ ಒಂದು ಚಿಟಿಕೆ ಬಿತ್ತು. ಸೆವಲೆ ಚಂಗನೆ ಮೇಲೆ ಬಂದು ಒಂದೊಂದೇ ಕಾಳು ಹಿಡಿಯಿತು, ಕುಟ್ಟಿ ಹಿಂದೆಯೇ ಬಂತು. ತಳಕ್ಕೆ ಒಂದೂ ಬೀಳಲಿಲ್ಲ. ಆಮೇಲೆ ಕಮಲಮ್ಮಾಳ್ ಒಳಗೆ ಹೋಗಿ ಏಳು ಇಡ್ಲಿ ತಿಂದಳು.

ಇಪ್ಪತ್ತೊಂದು ದಿನ ಮುಗಿಸಿ ಅಭಿರಾಮಿ ಹಿಂದಿರುಗಿದ್ದು ಸರಿಯಾಗಿ ಬೆಳಗಿನ ತಿಂಡಿಯ ಹೊತ್ತಿಗೆ. ಮನೆಯ ಬಾಗಿಲು ತೆರೆದಿತ್ತು. ನಾಲ್ಕಾರು ತಟ್ಟೆಯಲ್ಲಿ ಇಡ್ಲಿ ಹಬೆಯಾಡುತ್ತಿತ್ತು, ಮನುಷ್ಯರು ಒಬ್ಬರೂ ಇಲ್ಲ. ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಕೊಟ್ಟಿಗೆಗೆ ಹೋದಳು. ತೊಟ್ಟಿಯ ಮುಂದೆ ಅಜ್ಜಿ, ಅಜ್ಜಿಯ ಮೊಣಕೈ ಹಿಡಿದು ಅಪ್ಪ, ಅಪ್ಪನ ಭುಜ ಹಿಡಿದು ಅಮ್ಮ, ಅಮ್ಮನ ಬೆನ್ನಿಗೆ ಮುನಿಯಮ್ಮಾಳ್, ಕಟ್ಟಕಡೆಗೆ ಏನೂ ಅರ್ಥವಾಗದೆ ಮುನಿಯಮ್ಮಾಳ್ ಸೆರಗಿನ ತುದಿ ಹಿಡಿದು ನಿಂತ ಮೀಟರ್ ರೀಡಿಂಗಿನವನು. ಅಭಿರಾಮಿಗೆ ನಗು ತಡೆಯಲಾಗಲಿಲ್ಲ.

"ಯಾರದು ನಗೋರು? ಇಡ್ಲಿ ಬೇಕಿದ್ರೆ ಬಂದು ಕೈ ಮುಟ್ಟಿ" ಎಂದು ಅಜ್ಜಿ ತಿರುಗಿದವಳು ಹಾಗೇ ನಿಂತಳು. ಕಮಲಮ್ಮಾಳ್‌ ಕಣ್ಣು ತುಂಬಿಬಂತು. "ನೀನು ಮೂರು ಕೊಟ್ಟಿದ್ದೆ ಕಣ್ಣು. ಎರಡೇ ಒಪ್ಪಿಸ್ತಾ ಇದೀನಿ."

ಅಭಿರಾಮಿ ಬ್ಯಾಗು ಇಳಿಸಿದಳು. ಎಲ್ಲರನ್ನೂ ದಾಟಿ ಮುಂದೆ ಬಂದು, ಅಜ್ಜಿಯ ಮುದುರಿದ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು.

"ಹಾಕು ಅಪ್ಪತ್ತಾ. ನನಗೂ ಹಸಿವು."

ಕಮಲಮ್ಮಾಳ್ ಚಿಟಿಕೆಯನ್ನೊಮ್ಮೆ ನೋಡಿಕೊಂಡಳು. ಬೆರಳು ಸಡಿಲಿಸಿ ಅರ್ಧವನ್ನು ಡಬ್ಬಿಗೇ ಉದುರಿಸಿ, ಉಳಿದದ್ದನ್ನು ನೀರಿಗೆ ಬಿಟ್ಟಳು.